ಮಸಾರಿ ನೆಲದ ಕಲ್ಲಿಲಿ

ನಮ್ಮೂರಿನ ಸುತ್ತ ಎರಡು ನಮೂನೆಯ ನೆಲ. ಮೂಡಲಿಗೆ ಎರಿ, ಪಡುವಲಿಗೆ ಕೆಂಪು ಮಸಾರಿ. ಎರಿಹೊಲ ಇದ್ದವರ ಮನೆಯ ಹಗೇವು ತುಂಬಿರುತ್ತಿತ್ತು. ಬಿಳಿಜೋಳ, ಕಡಲೆ, ಕುಸುಬಿ, ಹತ್ತಿ ಎಲ್ಲ ಆ ಕರಿಮಣ್ಣಿನ ಕೊಡುಗೆ. ಮಸಾರಿಯವರಿಗೆ ಶೇಂಗಾ, ಸಜ್ಜೆ, ನವಣೆ. ಮಳೆ ಬಂದರೆ ಉಂಟು, ಬರದಿದ್ದರೆ ಇಲ್ಲ. ಆ ಮಸಾರಿಯೂ ಮೇಲೇರುತ್ತ ಹೋದಂತೆ ತೆಳುವಾಗಿ, ಗರಸಾಗಿ, ಕೊನೆಗೆ ಕಪ್ಪತಗುಡ್ಡದ ಬುಡ ಸೇರುತ್ತಿತ್ತು. ಅಲ್ಲಿ ನೇಗಿಲು ಹೂಡುವ ಮಾತೇ ಇರಲಿಲ್ಲ. ಆ ಇಳಿಜಾರು ನಮ್ಮೂರ ಗಾಯರಾಣ, ದನ ಕುರಿ ಮೇಯಲೆಂದು ಹಿರಿಯರು ಬಿಟ್ಟ ಜಾಗ.

ಮಳೆಗಾಲ ಮುಗಿಯುವ ಹೊತ್ತಿಗೆ ಗಾಯರಾಣದ ಹುಲ್ಲು ನಮ್ಮ ಮೊಣಕಾಲು ಮುಟ್ಟುತ್ತಿತ್ತು. ಗುಡ್ಡದ ಕಡೆ ಮುರಿದು ಮೂಸಿದರೆ ನಿಂಬೆಯ ವಾಸನೆ ಕೊಡುವ ಹುಲ್ಲು, ತಗ್ಗಿನಲ್ಲಿ ಕರಕಿ, ನಡುವೆಲ್ಲ ಧೋತರಕ್ಕೂ ಕುರಿಯ ಉಣ್ಣೆಗೂ ಚುಚ್ಚಿಕೊಳ್ಳುವ ಹುಲ್ಲು. ಅಲ್ಲಲ್ಲಿ ಕವಳಿ, ಬಾರಿ, ಕುಳ್ಳ ಜಾಲಿ. ಮಾಘ ಬಂತೆಂದರೆ ಎಲ್ಲ ಒಣಗಿ ಕಂದುಬಣ್ಣಕ್ಕೆ ತಿರುಗಿ, ಬೇಸಿಗೆಯಲ್ಲಿ ಬರೀ ಕೆಂಪು ಗರಸು ಉಳಿಯುತ್ತಿತ್ತು. ಪರವೂರಿಂದ ಬಂದ ನೆಂಟರು ಅದನ್ನು ನೋಡಿ, ಇಲ್ಲಿ ಏನೂ ಇಲ್ಲವಲ್ಲ ಎನ್ನುತ್ತಿದ್ದರು. ಆ ‘ಏನೂ ಇಲ್ಲ’ದ ನೆಲದಲ್ಲಿ ಬಾಗಿಲು ಹಾಕಿಕೊಂಡು ಬಾಳುವ ಒಂದು ಪುಟ್ಟ ಜೀವ ನನ್ನ ಬಾಲ್ಯವನ್ನೂ, ಮುಂದಿನ ಓದನ್ನೂ ತನ್ನ ಕಡೆಗೆ ಎಳೆದುಕೊಂಡಿತು.

ಗಾಯರಾಣದ ಅಂಚಿಗೆ ಕಲ್ಲಿನ ಕಣಿ ಇತ್ತು. ಅಲ್ಲಿ ಕಲ್ಲು ಒಡೆಯುತ್ತಿದ್ದವರು ವಡ್ಡರ ಓಣಿಯವರು. ಅವರಲ್ಲಿ ಹಿರಿಯನಾದ ಅಜ್ಜನೊಬ್ಬ ಚಾಣ, ಸುತ್ತಿಗೆ ಇಟ್ಟು ಎಲೆ ಅಡಿಕೆ ಹಾಕಿಕೊಳ್ಳಲು ಕೂತಾಗ ದನ ಕಾಯುವ ಹುಡುಗರಾದ ನಾವು ಹೋಗಿ ಅವನ ಸುತ್ತ ಕೂಡುತ್ತಿದ್ದೆವು. ಒಂದು ಮಧ್ಯಾಹ್ನ ಕಣಿಯ ಪಕ್ಕದ ದಿಣ್ಣೆಯ ಮಗ್ಗುಲಲ್ಲಿ ಒಂದು ಚಿಕ್ಕ ಕಲ್ಲುಗುಪ್ಪೆ ನನ್ನ ಕಣ್ಣಿಗೆ ಬಿತ್ತು. ಅಂಗೈ ಅಗಲದ ಜಾಗ. ತೊಗರಿಕಾಳಿನಿಂದ ಕಡಲೆಕಾಳಿನವರೆಗಿನ ಗಾತ್ರದ ಹರಳುಗಳು. ಸುತ್ತಲಿನ ಗರಸಿನಲ್ಲಿ ದೊಡ್ಡದೂ ಸಣ್ಣದೂ ಕಲಸಿಕೊಂಡಿದ್ದರೆ ಇಲ್ಲಿ ಮಾತ್ರ ಯಾರೋ ಆರಿಸಿ ತಂದು ಸುರಿದ ಹಾಗೆ ಎಲ್ಲ ಹೆಚ್ಚುಕಡಿಮೆ ಒಂದೇ ಅಳತೆ. ನಾನು ಕಡ್ಡಿ ಹಿಡಿದು ಕೆದಕಲು ಬಗ್ಗಿದೆ.

“ತಮ್ಮಾ, ಕಡ್ಡಿ ಹಾಕಬ್ಯಾಡ,” ಎಂದ ಅಜ್ಜ ಕೂತಲ್ಲಿಂದಲೇ.

“ಯಾಕಜ್ಜಾ? ಏನೈತಿ ಒಳಗ?”

“ಕಲ್ಲಿಲಿ. ಬಾಗಲಾ ಹಾಕೈತಿ ನೋಡು. ಬಾಗಲಾ ಹಾಕಿತ್ತಂದ್ರ ಒಳಗ ಮಂದಿ ಅದಾರಂತ ತಿಳಿ. ತೆರದಿತ್ತಂದ್ರ ಮನಿ ಖಾಲಿ.”

ಎರಿಹೊಲದಲ್ಲೂ ಇದು ಇದೆಯೇ ಎಂದು ಕೇಳಿದೆ. ಅಜ್ಜ ನಕ್ಕ. “ಎರಿಯಾಗ ಹೆಂಗ ಇದ್ದೀತು? ಅಲ್ಲಿ ಹಳ್ಳ ಎಲ್ಲಿಂದ ತಂದೀತು? ಎರಿ ಇಲಿನ ಬ್ಯಾರೆ, ಮಸಾರಿ ಇಲಿನ ಬ್ಯಾರೆ.” ಹಳ್ಳ ಎಂದರೆ ನಮ್ಮ ಕಡೆ ಹರಳುಕಲ್ಲು. ಅಷ್ಟು ಹೇಳಿ ಆತ ಕೈ ಜಾಡಿಸಿ ಎದ್ದು ಚಾಣ ಹಿಡಿದ. ಆತ ಹೇಳಿದ್ದು ಮೂರು ಸಂಗತಿ: ಹರಳು ಜೋಡಿಸುವುದು ಇಲಿ, ಬಾಗಿಲು ಮುಚ್ಚಿದ್ದರೆ ಇಲಿ ಒಳಗಿದೆ, ಇಂಥ ಮಣ್ಣಿಗೆ ಇಂಥ ಇಲಿ. ಮುಂದೆ ನಾನು ಪುಸ್ತಕಗಳಲ್ಲಿ ಓದಿದ್ದೆಲ್ಲ ಈ ಮೂರು ಮಾತಿನ ವಿಸ್ತರಣೆಯೇ.

ಆ ಬಾಗಿಲು ತೆರೆಯುವುದನ್ನು ನೋಡಬೇಕೆಂಬ ಆಸೆ ಕೈಗೂಡಿದ್ದು ನಾನು ಹೈಸ್ಕೂಲಿಗೆ ಬಂದ ಮೇಲೆ. ದೀಪಾವಳಿ ಸೂಟಿ. ಹುಲ್ಲಿನ ತೆನೆ ಬಲಿತು ಬೀಜ ಉದುರುವ ಕಾಲ. ಬ್ಯಾಟರಿಯ ಗಾಜಿಗೆ ಕೆಂಪು ಹಾಳೆ ಸುತ್ತಿಕೊಂಡು ಹೋಗಿದ್ದೆ. ಇಲಿಗಳ ಕಣ್ಣು ಕೆಂಪು ಬೆಳಕನ್ನು ಅಷ್ಟಾಗಿ ಗುರುತಿಸುವುದಿಲ್ಲ ಎಂದು ವಿಜ್ಞಾನದ ಮಾಸ್ತರರು ಹೇಳಿಕೊಟ್ಟಿದ್ದರು. ಗಾಳಿ ನನ್ನ ಕಡೆಗೆ ಬೀಸುವಂತೆ ದಿಣ್ಣೆಯ ಕೆಳಗೆ ಕಂಬಳಿ ಹಾಸಿ ಬೋರಲು ಮಲಗಿದೆ. ಹೊತ್ತು ಮುಳುಗಿ, ಪಡುವಣದ ಕೆಂಪು ಪೂರಾ ಆರಿ, ನತ್ತಿಂಗ ಕೂಗತೊಡಗಿತು. ಆಮೇಲೆ ಗುಪ್ಪೆಯ ನಡುವಿನ ಒಂದು ಹರಳು ಅಲುಗಿತು. ಅಲುಗಿ ಸುಮ್ಮನಾಯಿತು. ಮತ್ತೆ ಅಲುಗಿ ಹೊರಕ್ಕೆ ಉರುಳಿತು. ಅದರ ಹಿಂದೆ ಇನ್ನೊಂದು. ಒಳಗಿನಿಂದ ಮುಂಗಾಲಿನಲ್ಲಿ ತಳ್ಳುತ್ತಿದ್ದದ್ದು ಕಾಣುತ್ತಿರಲಿಲ್ಲ, ಹರಳುಗಳು ತಾವಾಗಿಯೇ ಎದ್ದು ಬರುತ್ತಿದ್ದವು. ತೂತು ಹೆಬ್ಬೆರಳಿನಷ್ಟು ತೆರೆದ ಮೇಲೆ ಚೂಪು ಮೂತಿಯೊಂದು ಬಂದು, ಮೀಸೆ ಕುಣಿಸುತ್ತ, ಗಾಳಿಯನ್ನು ಅಳೆಯುತ್ತ ನಿಂತಿತು. ಬಹಳ ಹೊತ್ತು ನಿಂತಿತು. ಅಷ್ಟು ಸಣ್ಣ ಜೀವಕ್ಕೆ ಅಷ್ಟೊಂದು ತಾಳ್ಮೆ ಇರಬಹುದೆಂದು ನಾನು ಎಣಿಸಿರಲಿಲ್ಲ.

ಹೊರಬಂದ ಇಲಿ ನನ್ನ ಮೊಳಕೈಯಿಂದ ಮೂರು ನಾಲ್ಕು ಗೇಣು ದೂರದಲ್ಲಿತ್ತು. ಬೆನ್ನು ಗರಸಿನದೇ ಬಣ್ಣ, ಹೊಟ್ಟೆ ಬಿಳಿ. ಎರಡು ಬಣ್ಣ ಕೂಡುವ ಕಡೆ ಗೆರೆ ಎಳೆದಷ್ಟು ಸ್ಪಷ್ಟ. ಮನೆಯ ಇಲಿಯ ಬಾಲಕ್ಕಿಂತ ಇದರ ಬಾಲ ಗಿಡ್ಡ. ಬೆನ್ನಿನ ಕೂದಲು ನಯವಾಗಿ ಕೂರದೆ ಒರಟಾಗಿ, ಎಳೆಎಳೆಯಾಗಿ ನಿಂತಿತ್ತು. ಅದು ಹುಲ್ಲಿನ ಬುಡಕ್ಕೆ ಹೋಗಿ ಉದುರಿದ ಬೀಜ ಎತ್ತಿ, ಹಿಂಗಾಲ ಮೇಲೆ ಕೂತು, ಎರಡೂ ಮುಂಗೈಯಲ್ಲಿ ಹಿಡಿದು ಸಿಪ್ಪೆ ಬಿಡಿಸಿ ತಿಂದಿತು. ನಡುವೆ ಸಣ್ಣ ಮಿಡತೆಯೊಂದು ಸಿಕ್ಕಾಗ ಮೊದಲು ತಲೆ, ಆಮೇಲೆ ಮೈ. ರೆಕ್ಕೆಗಳನ್ನು ಅಲ್ಲೇ ಬಿಟ್ಟಿತು. ಮರಳುವಾಗ ಹಲ್ಲಿನಲ್ಲಿ ಒಂದು ಹರಳು ಕಚ್ಚಿ ತಂದಿತ್ತು. ಗುಪ್ಪೆಯ ಮೇಲೆ ಅದನ್ನು ಇಟ್ಟು, ಒಳಗೆ ಹೋಗಿ, ಹಿಂದಿನಿಂದ ಒಂದೊಂದೇ ಹರಳನ್ನು ಎಳೆದುಕೊಂಡು ಬಾಗಿಲು ಮುಚ್ಚಿತು. ನಾನು ಹೋಗಿ ಮುಟ್ಟಿ ನೋಡಿದೆ. ಸಂದುಗಳಿಲ್ಲದೆ ಹೊಂದಿಕೊಂಡಿತ್ತು.

ಹರಳಿನ ಬಾಗಿಲಿನ ಉಪಯೋಗವೇನೆಂಬುದನ್ನು ಆ ಗುಡ್ಡವೇ ಕಲಿಸಿತು. ನಡುಬೇಸಿಗೆಯಲ್ಲಿ ಗರಸಿನ ಮೇಲೆ ಬರಿಗಾಲು ಇಡಲಾಗುವುದಿಲ್ಲ. ಆದರೆ ಒಂದೆರಡು ಗೇಣು ಕೆಳಗೆ ಮಣ್ಣು ತಂಪು. ಬಾಯಿ ಮುಚ್ಚಿದ ಬಿಲದಲ್ಲಿ ಇಲಿಯ ಉಸಿರಿನ ತೇವ ಹೊರಗೆ ಹೋಗದೆ ಒಳಗೇ ನಿಲ್ಲುತ್ತದೆ. ಬೀಜ ತಿಂದು ಬದುಕುವ, ಕೆರೆ ಹಳ್ಳಗಳನ್ನು ಹುಡುಕಿಕೊಂಡು ದೂರ ಹೋಗಲಾರದ ಪ್ರಾಣಿಗೆ ಆ ತೇವ ದೊಡ್ಡ ಉಳಿತಾಯ. ಬಿಲ ಇರುವುದು ದಿಣ್ಣೆಯ ಮಗ್ಗುಲಲ್ಲಿ, ಹೀಗಾಗಿ ಮಳೆಯ ನೀರು ಹರಿದುಹೋಗುತ್ತದೆ, ಒಳಕ್ಕೆ ನುಗ್ಗುವುದಿಲ್ಲ. ಮಣ್ಣಿನಿಂದ ಮುಚ್ಚಿದ್ದರೆ ಮೊದಲ ಮಳೆಗೇ ಕೆಸರಾಗಿ ಕುಸಿಯುತ್ತಿತ್ತು, ಹರಳು ಕುಸಿಯುವುದಿಲ್ಲ. ಮಾಘ, ಫಾಲ್ಗುಣದಲ್ಲಿ ಒಣಹುಲ್ಲಿಗೆ ಬೆಂಕಿ ಬಿದ್ದಾಗಲೂ ಉರಿ ಮೇಲೆ ಮೇಲೆಯೇ ಓಡಿಹೋಗುತ್ತದೆ, ನೆಲದೊಳಗೆ ಕಾವು ಇಳಿಯುವುದು ಬಹಳ ಕಡಿಮೆ. ಬೆಂಕಿ ಬಿದ್ದ ಮರುದಿನ ಕರಕಲಾದ ಇಳಿಜಾರಿನಲ್ಲಿ ಹರಳಿನ ಗುಪ್ಪೆಗಳು ಎಂದಿಗಿಂತ ಸ್ಪಷ್ಟವಾಗಿ ಎದ್ದು ಕಾಣುತ್ತಿದ್ದವು. ಎಷ್ಟೊಂದು ಮನೆಗಳು! ಹುಲ್ಲು ಇದ್ದಾಗ ನಮ್ಮ ಕಣ್ಣಿಗೆ ಅವು ಬಿದ್ದೇ ಇರಲಿಲ್ಲ.

ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುವಾಗ ಈ ಇಲಿಯ ಶಾಸ್ತ್ರೀಯ ಹೆಸರು ಗೊತ್ತಾಯಿತು: ಮಸ್ ಪ್ಲಾಟಿಥ್ರಿಕ್ಸ್. 1832ರಲ್ಲಿ ಬೆನೆಟ್ ಎಂಬ ಪ್ರಾಣಿಶಾಸ್ತ್ರಜ್ಞರು ದಖನ್ನಿನಿಂದ ಹೋದ ಮಾದರಿಗಳನ್ನು ನೋಡಿ ಇಟ್ಟ ಹೆಸರು. ನಾನು ಕತ್ತಲಲ್ಲಿ ಕಂಡ ಆ ಒರಟು ಕೂದಲು ಚಪ್ಪಟೆಯಾದ ಸಣ್ಣ ಮುಳ್ಳುಗಳಂತೆ. ತೂಕ ಸುಮಾರು 20 ಗ್ರಾಂ. ಮನೆಯ ಇಲಿ, ಪ್ರಯೋಗಾಲಯದ ಬಿಳಿ ಇಲಿ, ನಮ್ಮ ಕಲ್ಲಿಲಿ ಎಲ್ಲವೂ ಮಸ್ ಎಂಬ ಒಂದೇ ಕುಲದವು. ಮನುಷ್ಯನ ಕಾಳಿನ ಚೀಲಗಳನ್ನು ಹಿಂಬಾಲಿಸಿ ಮನೆಯ ಇಲಿ ಲೋಕವನ್ನೆಲ್ಲ ಸುತ್ತಿತು. ಕಲ್ಲಿಲಿ ಭಾರತದ ಕಲ್ಲುನೆಲ, ಹುಲ್ಲುನೆಲಗಳನ್ನು ಬಿಟ್ಟು ಹೊರಗೆ ಹೋಗಲಿಲ್ಲ.

ಅಲ್ಲಿಯ ಗ್ರಂಥಾಲಯದಲ್ಲಿ ಜೆರ್ಡನ್ ಬರೆದ, 1867ರಲ್ಲಿ ಬಂದ ‘ದಿ ಮ್ಯಾಮಲ್ಸ್ ಆಫ್ ಇಂಡಿಯಾ’ ಕೈಗೆ ಸಿಕ್ಕಿತು. ಅದರಲ್ಲಿ ಕಲ್ಲಿಲಿಯ ಪುಟ ತೆರೆದಾಗ ಎದೆ ಝಲ್ಲೆಂದಿತು. ಕೆಂಪು ಗರಸು ಮಣ್ಣಿನಲ್ಲಿ ಮಾತ್ರ ಇರುತ್ತದೆ, ಬಿಲ ದಿಣ್ಣೆಯ ಮಗ್ಗುಲಲ್ಲಿ, ಇಲಿ ಒಳಗಿದ್ದಾಗ ಬಾಯಿಗೆ ಹರಳು ಮುಚ್ಚಿರುತ್ತದೆ, ಹೊರಗಿನ ಹರಳಿನ ಗುಪ್ಪೆಯಿಂದಲೇ ಬಿಲದ ಗುರುತು ಸಿಗುತ್ತದೆ ಎಂದೆಲ್ಲ ಅಲ್ಲಿತ್ತು. ಒಳಗಿನ ಕೋಣೆಯಲ್ಲೂ ಹರಳಿನ ಹಾಸಿಗೆ ಹಾಸಿ ಇಲಿ ಅದರ ಮೇಲೆ ಕೂಡುತ್ತದೆ ಎಂಬ ಮಾತು ಮಾತ್ರ ನನಗೆ ಹೊಸದು. ಉಳಿದದ್ದೆಲ್ಲ ಕಣಿಯ ಅಜ್ಜ ಹೇಳಿದ್ದೇ. ಆ ವಿವರಣೆ ಜೆರ್ಡನ್ನರದಲ್ಲ, ವಾಲ್ಟರ್ ಎಲಿಯಟ್ಟರದು. ಅವರು ಅದನ್ನು ಬರೆದದ್ದು ನಮ್ಮದೇ ಧಾರವಾಡ ಸೀಮೆಯನ್ನು ನೋಡಿ.

ಎಲಿಯಟ್ ಹೆಸರು ಕಿತ್ತೂರಿನ ಇತಿಹಾಸ ಬಲ್ಲವರಿಗೆ ಗೊತ್ತಿರುತ್ತದೆ. 1824ರ ಅಕ್ಟೋಬರ್‌ನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಅವರೊಬ್ಬರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಬಿಡುಗಡೆಯಾದ ಮೇಲೂ ಈ ಸೀಮೆಯಲ್ಲೇ ವರ್ಷಗಟ್ಟಲೆ ಉಳಿದು, ಕನ್ನಡದ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿ ಮಾಡಿಸಿದರು. ಅದರ ಜೊತೆಗೇ ಪ್ರಾಣಿಗಳನ್ನೂ ಗಮನಿಸಿದರು. ಆ ಟಿಪ್ಪಣಿಗಳು 1839ರಲ್ಲಿ ಮದರಾಸಿನ ‘ಜರ್ನಲ್ ಆಫ್ ಲಿಟರೇಚರ್ ಅಂಡ್ ಸೈನ್ಸ್’ನಲ್ಲಿ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯಾಗಿ ಅಚ್ಚಾದವು. ಅವರು ಕಳಿಸಿದ ಮಾದರಿಗಳಿಗೆ ಅದಕ್ಕೂ ಮೊದಲೇ, 1837ರಲ್ಲಿ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಜಾನ್ ಎಡ್ವರ್ಡ್ ಗ್ರೇ ಹೆಸರಿಟ್ಟಿದ್ದರು. ಧಾರವಾಡ ಸೀಮೆಯ ಹೊಲಗಳ ಪುಟ್ಟ ಇಲಿ ಮಸ್ ಬೂಡುಗ ಆಯಿತು. ಪೊದೆಗಳ ನಡುವೆ ಹುಲ್ಲಿನ ಗುಂಡಗಿನ ಗೂಡು ಕಟ್ಟುವ ಗುಲಂದಿ ಗೋಲುಂಡ ಎಲಿಯೋಟಿ ಆಯಿತು.

ಆ ಪಟ್ಟಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಹಲವು ಇಲಿಗಳಿಗೆ ಎಲಿಯಟ್ ಕನ್ನಡದ ಹೆಸರಿನ ಜೊತೆ ವಡ್ಡರ ಹೆಸರನ್ನೂ ಬರೆದಿದ್ದಾರೆ. ಯಾವ ಇಲಿ ಯಾವ ಮಣ್ಣಿನದು, ಒಂದೇ ಇರುತ್ತದೋ ಜೋಡಿಯಾಗಿಯೋ, ಬಿಲದ ಒಳಗೆ ಏನಿರುತ್ತದೆ ಎಂಬುದೆಲ್ಲ ನೆಲ ಅಗೆಯುವ ಕೈಗಳಿಗೆ ಗೊತ್ತಿದ್ದ ವಿದ್ಯೆ. ಹುದ್ದೆಯ ಕುದುರೆ ಏರಿ ಓಡಾಡುವ ಸಾಹೇಬರಿಗೆ ಅದು ಹುಟ್ಟಿನಿಂದ ಬಂದದ್ದಲ್ಲ. ಯಾರೋ ತೋರಿಸಿದ್ದಾರೆ, ಇವರು ಕೇಳಿಸಿಕೊಂಡು ಬರೆದಿದ್ದಾರೆ. ಬರೆದವರ ಹೆಸರು ಉಳಿಯಿತು. ತೋರಿಸಿದವರ ವಿದ್ಯೆ ಮಾತ್ರ ಅವರ ಓಣಿಗಳಲ್ಲಿ ನೂರೈವತ್ತು ವರ್ಷ ಹಾಗೆಯೇ ನಡೆದುಕೊಂಡು ಬಂದು, ನಮ್ಮೂರ ಕಣಿಯಲ್ಲಿ ಕೂತಿದ್ದ ಅಜ್ಜನ ಬಾಯಿಂದ ನನ್ನ ಕಿವಿಗೆ ಬಿದ್ದಿತು.

ಎರಿ ಇಲಿ ಬೇರೆ ಎಂದಿದ್ದನಲ್ಲ ಅಜ್ಜ, ಅದಕ್ಕೂ ಎಲಿಯಟ್ಟರ ಬರಹದಲ್ಲಿ ಸಾಕ್ಷಿ ಇತ್ತು. ಎರಿಹೊಲದ ಮೆತ್ತನೆಯ ಕೂದಲಿನ ಇಲಿಯನ್ನು ವಡ್ಡರು ಮೆಟ್ಟಾಡೆ ಎನ್ನುತ್ತಿದ್ದರಂತೆ. ಅದು ತಾನಾಗಿ ಒಳ್ಳೆಯ ಬಿಲ ತೋಡುವುದಿಲ್ಲ. ಬೇಸಿಗೆಯಲ್ಲಿ ಎರಿ ಬಿರುಕು ಬಿಟ್ಟಾಗ ಆ ಬಿರುಕುಗಳೇ ಅದರ ಮನೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಕರಿಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡಾಗ ಅಸಂಖ್ಯ ಇಲಿಗಳು ಒಳಗೇ ಸಾಯುತ್ತವೆ. 1826ರಲ್ಲಿ ಮುಂಗಾರಿನ ಆರಂಭದ ಮಳೆ ಕೈಕೊಟ್ಟಿತು. ಬಿರುಕು ಮುಚ್ಚಲಿಲ್ಲ. ಇಲಿಗಳು ಸಾಯಲಿಲ್ಲ. ಬಿತ್ತಿದ ಬೀಜ ತಿಂದವು, ತೆನೆ ಬಂದ ಮೇಲೆ ಜೋಳದ ದಂಟು ಹತ್ತಿ ತೆನೆಯನ್ನೇ ಕತ್ತರಿಸಿ ಕೆಡವಿದವು. ರೈತರು ಇಲಿ ಹಿಡಿಯಲು ವಡ್ಡರನ್ನು ಕರೆಸಿ, ಡಜನ್ನಿಗೆ ಇಷ್ಟು ಎಂದು ಕಾಳು ಅಳೆದುಕೊಟ್ಟರು. ಸಾವಿರಗಟ್ಟಲೆ ಕೊಂದರೂ ಸಂಖ್ಯೆ ಇಳಿಯಲಿಲ್ಲ. ಹೊಲಕ್ಕೆ ಹೊಲವೇ ಹಾಳಾಗಿ ರೈತರಿಗೆ ತೀರ್ವೆ ಕಟ್ಟಲಾಗಲಿಲ್ಲ. ಇದನ್ನು ಓದಿದಾಗ ನಮ್ಮ ಮನೆಯಲ್ಲಿ ಇಲಿಯೆಂದರೆ ಅವ್ವ ಮುಖ ಸಿಂಡರಿಸುತ್ತಿದ್ದುದರ ಹಿಂದೆ ಎಷ್ಟು ತಲೆಮಾರುಗಳ ಹಸಿವಿದೆ ಎಂಬುದು ನನಗೆ ಅರ್ಥವಾಯಿತು. ಆ ಸಿಟ್ಟು ಸುಳ್ಳಲ್ಲ. ಆದರೆ ಎಲ್ಲ ಇಲಿಯ ಮೇಲೂ ಅದೇ ಸಿಟ್ಟು ಹೊರಿಸಿದರೆ ಮಸಾರಿಯ ದಿಣ್ಣೆಯಲ್ಲಿ ಹುಲ್ಲಿನ ಬೀಜ ತಿಂದುಕೊಂಡಿರುವ ಜೀವಕ್ಕೆ ಅನ್ಯಾಯ. ಆ ಅನ್ಯಾಯ ಕಾನೂನಿನಲ್ಲೂ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೆಯ ಅನುಸೂಚಿಯಲ್ಲಿ ಕಾಗೆ, ಹಣ್ಣುಬಾವಲಿಗಳ ಜೊತೆ ಇಲಿಗಳನ್ನೂ ಹಾನಿಕಾರಕ ಪ್ರಾಣಿಗಳೆಂದು ಸೇರಿಸಿದ್ದರು. 2022ರ ತಿದ್ದುಪಡಿ ಆ ಅನುಸೂಚಿಯನ್ನೇ ತೆಗೆದುಹಾಕಿತು.

ಕಲ್ಲಿಲಿಯ ಸೋದರಸಂಬಂಧಿ ಮಸ್ ಬೂಡುಗದ ಬಗ್ಗೆ ಇನ್ನೊಂದು ಸಂಗತಿ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಇದು ನಮ್ಮ ಚಿಟ್ಟಿಲಿ. ತೂಕ 10 ಗ್ರಾಂ ಆಸುಪಾಸು. ಹೊಲದ ಬದುವಿನಲ್ಲಿ ಬಿಲ. ಮಧುರೈ ಕಾಮರಾಜ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಎಂ. ಕೆ. ಚಂದ್ರಶೇಖರನ್ ಮತ್ತು ಅವರ ಶಿಷ್ಯರು ಜೀವಿಗಳ ಒಳಗಿನ ಗಡಿಯಾರದ ಅಧ್ಯಯನಕ್ಕೆ ಈ ಇಲಿಯನ್ನು ಆರಿಸಿಕೊಂಡರು. ಹೊರಗಿನ ಬೆಳಕು ಕತ್ತಲೆಯ ಸುಳಿವೇ ಸಿಗದಿದ್ದರೂ ಇಲಿಯ ಮೈ ಸುಮಾರು 24 ಗಂಟೆಯ ಲೆಕ್ಕದಲ್ಲೇ ಏಳುತ್ತದೆ, ಮಲಗುತ್ತದೆ. ಆದರೆ ಆ ಗಡಿಯಾರ ದಿನವೂ ಹೊರಗಿನ ಹೊತ್ತಿಗೆ ಹೊಂದಿಕೊಳ್ಳಬೇಕು. ಬಿಲದ ಕತ್ತಲೆಯಲ್ಲಿ ಹುಟ್ಟಿದ ಮರಿಗೆ ಆ ಹೊತ್ತು ತಿಳಿಯುವುದು ಹೇಗೆ? ವಿಶ್ವನಾಥನ್ ಮತ್ತು ಚಂದ್ರಶೇಖರನ್ 1985ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಪ್ರಕಟಿಸಿದರು. ಹಗಲು ರಾತ್ರಿಯ ಬೆಳಕಿನ ಸುಳಿವು ಸಿಗದಂತೆ ಮರಿಗಳನ್ನು ಇಟ್ಟು, ತಾಯಿಯನ್ನು ದಿನವೂ ಗೊತ್ತಾದ ಹೊತ್ತಿಗೆ ಅವುಗಳ ಜೊತೆಗೆ ಬಿಟ್ಟು, ಗೊತ್ತಾದ ಹೊತ್ತಿಗೆ ಬೇರೆ ಮಾಡಿದರು. ತಾಯಿ ಬರುವ, ಹೋಗುವ ಹೊತ್ತಿಗೆ ಮರಿಗಳ ಗಡಿಯಾರ ಹೊಂದಿಕೊಂಡಿತು.

ಇದನ್ನು ಮೊದಲ ಸಲ ಓದಿದ ದಿನ ನಾನು ಮತ್ತೇನನ್ನೂ ಓದಲಿಲ್ಲ. ನನ್ನ ಅವ್ವ ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಕೂಲಿಗೆ ಹೋಗಿ ಹೊತ್ತು ಮುಳುಗುವಾಗ ಮರಳುತ್ತಿದ್ದಳು. ತೊಟ್ಟಿಲಲ್ಲಿದ್ದ ತಂಗಿ ಯಾರೂ ಹೇಳದೆಯೇ ಆ ಹೊತ್ತಿಗೆ ಸರಿಯಾಗಿ ಎದ್ದು ಬಾಗಿಲ ಕಡೆ ತಿರುಗುತ್ತಿದ್ದಳು. ಅವ್ವನಿಗೆ ಈ ಪ್ರಯೋಗದ ಕಥೆ ಹೇಳಿದೆ. ಇಲಿಯ ಹೆಸರೆತ್ತಿದರೆ ಸಿಡುಕುತ್ತಿದ್ದವಳು ಕೈಯಲ್ಲಿದ್ದ ಮೊರ ಬದಿಗಿಟ್ಟು ಕೇಳಿದಳು. “ತಾಯಿ ಅಂದಮ್ಯಾಲ ಎಲ್ಲಾ ಒಂದ ಅಲ್ಲೇನೋ ಯಪ್ಪಾ,” ಎಂದಳು. ಅಂದಿನಿಂದ ಹಿತ್ತಲಲ್ಲಿ ಇಲಿಯ ಮರಿಗಳು ಸಿಕ್ಕಿದರೆ ಅವಳು ಅವನ್ನು ತುಳಿದದ್ದನ್ನು ನಾನು ನೋಡಲಿಲ್ಲ. ಮೊರದಲ್ಲಿ ತೆಗೆದುಕೊಂಡು ಹೋಗಿ ಬೇಲಿಯ ಬುಡಕ್ಕೆ ಬಿಟ್ಟು ಬರುತ್ತಿದ್ದಳು.

ಸಣ್ಣ ಪ್ರಾಣಿಯ ಬಾಳು ಸಣ್ಣದು. ಮೂರು ವಾರದ ಬಸಿರು, ಕಣ್ಣು ಬಿಡಲು ಇನ್ನೆರಡು ವಾರ, ಆಮೇಲೆ ಒಂದು ವರ್ಷ ಬಾಳಿದರೆ ಅದೇ ದೊಡ್ಡದು. ಅಷ್ಟರೊಳಗೆ ಅದು ಎಷ್ಟೋ ಜೀವಗಳಿಗೆ ಊಟ. ಮುಸ್ಸಂಜೆ ನಮ್ಮ ಗಾಯರಾಣದ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಲ್ಲುವ ಕಪ್ಪು ರೆಕ್ಕೆಯ ಗಿಡುಗ ನೋಡುತ್ತಿದ್ದುದು ಇದನ್ನೇ. ಕತ್ತಲಾದ ಮೇಲೆ ಹಾಲಕ್ಕಿ, ಕಣಜಗೂಬೆ. ನೆಲದಲ್ಲಿ ಮಣ್ಣುಮುಕ್ಕ ಹಾವು, ಗುಳ್ಳೆನರಿ. ಚಳಿಗಾಲಕ್ಕೆ ಕಝಾಕಸ್ತಾನದ ಕಡೆಯ ಬಯಲುಗಳಿಂದ ಸಾವಿರಾರು ಮೈಲಿ ಹಾರಿಬರುವ ಸೆಳೆವ ಹಕ್ಕಿಗಳು ರಾತ್ರಿ ಮಲಗುವುದು ನಮ್ಮ ಹುಲ್ಲಿನ ನಡುವೆ ನೆಲದ ಮೇಲೆಯೇ. ಅವುಗಳ ಹೊಟ್ಟೆ ತುಂಬಿಸುವುದು ಇಲ್ಲಿಯ ಮಿಡತೆ, ಓತಿಕ್ಯಾತ, ನೆಲಗುಬ್ಬಿ, ಇಲಿಗಳು. ಹುಲ್ಲಿನ ಬೀಜ ಮಾಂಸವಾಗಿ ಆಕಾಶಕ್ಕೆ ಏರಲು ನಡುವೆ ಇಂಥ ಒಂದು ಜೀವ ಬೇಕೇ ಬೇಕು. ಮರವಿಲ್ಲದ ಬಯಲಿನಲ್ಲಿ ಇಷ್ಟೆಲ್ಲ ನಡೆಯುವುದು ನೆಲಮಟ್ಟದಲ್ಲಿ, ಕತ್ತಲಲ್ಲಿ. ಹಗಲು ರಸ್ತೆಯ ಮೇಲೆ ನಿಂತು ನೋಡುವವರ ಕಣ್ಣಿಗೆ ಅದು ಬೀಳುವುದಿಲ್ಲ.

ಕಣ್ಣಿಗೆ ಬೀಳದೆ ಹೋದದ್ದರ ಫಲವನ್ನು ನಮ್ಮ ಸೀಮೆ ಕಂಡಿದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ, ವಿಸ್ತಾರ 119 ಚದರ ಕಿಲೋಮೀಟರ್. ಕೃಷ್ಣಮೃಗಕ್ಕೆ ಬೇಕಾದದ್ದು ಬಯಲು. ಆದರೆ ಆ ನೆಲದ ಬಹುಭಾಗದಲ್ಲಿ ನೀಲಗಿರಿ ಬೆಳೆದು ನಿಂತಿತು. ಒಂದು ಕಾಲಕ್ಕೆ ಅಲ್ಲಿದ್ದ ಎರೆಭೂತ ಹಕ್ಕಿ ಈಗ ಅಲ್ಲಿಲ್ಲ. ದೇಶದ ಬಂಜರು ಭೂಮಿಯ ನಕ್ಷೆಗಳಲ್ಲಿ ಕುರುಚಲು ನೆಲ, ಹುಲ್ಲಿನ ನೆಲಗಳನ್ನು ಬಂಜರಿನ ಲೆಕ್ಕಕ್ಕೇ ಸೇರಿಸುತ್ತ ಬಂದಿದ್ದಾರೆ. ಬಂಜರು ಎಂದು ಬರೆದ ಮೇಲೆ ಅಲ್ಲಿ ಏನು ಮಾಡಿದರೂ ಅದು ಸುಧಾರಣೆಯೇ.

ನಮ್ಮೂರ ಗಾಯರಾಣಕ್ಕೂ ಅಂಥ ಸುಧಾರಣೆ ಬಂತು. ನಾನು ನೌಕರಿಗೆ ಸೇರಿ ದೂರ ಇದ್ದ ಕಾಲ. ಸೂಟಿಗೆ ಬಂದಾಗ ದಿಣ್ಣೆಯ ಉದ್ದಕ್ಕೂ ಯಂತ್ರದಿಂದ ತೆಗ್ಗು ತೋಡಿದ್ದರು, ಸಾಲಿಗೆ ಸಾಲು. ತೋಡಿದ ಗರಸಿನ ಗುಡ್ಡೆಯಲ್ಲಿ ಆರಿಸಿಟ್ಟ ಒಂದೇ ಅಳತೆಯ ಹರಳುಗಳ ಹಿಡಿ, ಒಣಹುಲ್ಲಿನ ಎಳೆ ನೋಡಿ ಯಾರ ಮನೆ ಎಂದು ಗುರುತಿಸಿದೆ. ಗಿಡ ನೆಡಿಸುತ್ತಿದ್ದವರಲ್ಲಿ ಕೆಟ್ಟ ಮನಸ್ಸು ಇರಲಿಲ್ಲ. ಊರಿಗೆ ನೆರಳಾಗುತ್ತದೆ, ಮಳೆ ಬರುತ್ತದೆ ಎಂದು ನಂಬಿದ್ದರು. ಇಲ್ಲಿ ಇಲಿಗಳಿವೆ, ಹುಲ್ಲು ಸತ್ತರೆ ಅವುಗಳಿಗೆ ಕಾಳಿಲ್ಲ, ಅವು ಹೋದರೆ ಗಿಡುಗ ಗೂಬೆಗಳಿಗೆ ಊಟವಿಲ್ಲ, ನಮ್ಮ ಕುರಿಗಳಿಗೂ ಮೇವಿಲ್ಲ ಎಂದು ನಾನು ಹೇಳಿದೆ. ಅವರು ಸಮಾಧಾನದಿಂದಲೇ ಕೇಳಿದರು. ಆಮೇಲೆ ಕೈಯಲ್ಲಿದ್ದ ಕಾಗದ ತೋರಿಸಿ, ಇದರಲ್ಲಿ ಇಲ್ಲಿ ಏನೂ ಇಲ್ಲ ಎಂದಿದೆಯಲ್ಲ ಸರ್ ಎಂದರು. ಅವರ ಮಾತು ಖರೇ. ಕಾಗದದಲ್ಲಿ ಹಾಗೇ ಇತ್ತು. ಕಣಿಯ ಅಜ್ಜ ಹೇಳಿದ್ದು ಯಾವ ಕಾಗದದಲ್ಲೂ ಇರಲಿಲ್ಲ.

ಗಿಡಗಳು ಎತ್ತರವಾದ ಕಡೆ ಹುಲ್ಲು ತೆಳುವಾಗುತ್ತ ಬಂತು. ಉದುರಿದ ಎಲೆಯ ಹಾಸಿನ ಕೆಳಗೆ ಹರಳಿನ ಗುಪ್ಪೆ ಹುಡುಕಿದರೆ ಸಿಗುವುದಿಲ್ಲ. ಗುಡ್ಡದ ಮೇಲಿನ ಭಾಗ ಮಾತ್ರ ಉಳಿದುಕೊಂಡಿದೆ. ಕಪ್ಪತಗುಡ್ಡಕ್ಕಾಗಿ ಗದಗ ಜಿಲ್ಲೆಯ ಜನ, ಮಠಾಧೀಶರು, ಬರಹಗಾರರು ಬೀದಿಗಿಳಿದು ಹೋರಾಡಿದ ಮೇಲೆ 2019ರಲ್ಲಿ ಅದರ 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಔಷಧಿ ಗಿಡಗಳಿಗಾಗಿ, ತೋಳ ಕತ್ತೆಕಿರುಬಗಳಿಗಾಗಿ, ಗಣಿಯ ಕಣ್ಣಿನಿಂದ ಗುಡ್ಡವನ್ನು ಕಾಪಾಡುವುದಕ್ಕಾಗಿ ನಡೆದ ಆ ಹೋರಾಟದಲ್ಲಿ ನಾನೂ ಇದ್ದೆ. ಕಲ್ಲಿಲಿಯ ಹೆಸರನ್ನು ಅಲ್ಲಿ ಯಾರೂ ಕೂಗಲಿಲ್ಲ. ಆದರೆ ಗುಡ್ಡ ಉಳಿದಾಗ ಅದರ ಹುಲ್ಲೂ ಉಳಿಯಿತು, ಹುಲ್ಲಿನ ಜೊತೆ ಕಲ್ಲಿಲಿಯೂ ಉಳಿಯಿತು. ಈಗಲೂ ಮೇಲಿನ ದಿಣ್ಣೆಗಳಲ್ಲಿ, ಗಾಳಿಯಂತ್ರಗಳು ತಿರುಗುವ ಕಡೆಯೂ, ಮುಚ್ಚಿದ ಬಾಗಿಲುಗಳು ನನಗೆ ಕಾಣಸಿಗುತ್ತವೆ.

ಊರೂರಿನ ಗಾಯರಾಣಗಳಿಗೆ, ಕಾವಲುಗಳಿಗೆ, ಗೋಮಾಳಗಳಿಗೆ ಅಂಥ ರಕ್ಷಣೆ ಇಲ್ಲ. ಅವುಗಳಿಗೆ ಇರುವ ಒಂದು ಆಸರೆ ಊರಿನವರೇ ಬರೆದಿಡುವ ಕಾಗದ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಅನೇಕ ಕಡೆ ಆ ದಾಖಲಾತಿಯಲ್ಲಿ ಬೇವು, ಹುಣಸೆ, ನವಿಲು, ಮೊಲ ಎಂದು ಬರೆದು ಮುಗಿಸಿರುತ್ತಾರೆ. ನಮ್ಮೂರಿನದನ್ನು ಮತ್ತೆ ಬರೆಯಲು ಕೂತಾಗ ನಾನು ಕುರಿ ಕಾಯುವವರನ್ನೂ, ವಡ್ಡರ ಓಣಿಯ ಹಿರಿಯರನ್ನೂ ಸಭೆಗೆ ಕರೆದೆ. ಅಜ್ಜ ತೀರಿಕೊಂಡು ವರ್ಷಗಳಾಗಿವೆ. ಆತನ ಮಗ ಬಂದಿದ್ದರು. ಕಲ್ಲಿಲಿ ಎಂದೊಡನೆ, ಯಾವ ದಿಣ್ಣೆ, ಯಾವ ಮಗ್ಗುಲು, ಯಾವ ತಿಂಗಳಲ್ಲಿ ಮರಿ ಎಂದು ಅವರೇ ಹೇಳುತ್ತ ಹೋದರು, ಹುಡುಗಿಯೊಬ್ಬಳು ಬರೆದುಕೊಳ್ಳುತ್ತ ಹೋದಳು. ಹೇಳಿದವರ ಹೆಸರನ್ನೂ ಪಕ್ಕದಲ್ಲಿ ಬರೆಯಿಸಿದೆವು.

ನಿಮ್ಮೂರಿನ ಪಂಚಾಯಿತಿಯಲ್ಲೂ ಆ ದಾಖಲಾತಿಯ ಪುಸ್ತಕ ಇರುತ್ತದೆ, ಕೇಳಿ ತೆಗೆಸಿ. ಗೋಮಾಳ, ಕಾವಲು, ಗಾಯರಾಣ ಎಂದಿರುವ ಪುಟದಲ್ಲಿ ಏನು ಬರೆದಿದ್ದಾರೆ ನೋಡಿ. ಖಾಲಿ ಬಿಟ್ಟಿದ್ದರೆ ಹುಲ್ಲಿನ ಬೀಜ ಉದುರುವ ಕಾಲಕ್ಕೆ ಅಲ್ಲಿಗೆ ಹೋಗಿ, ನೆಲ ಬಲ್ಲವರನ್ನು ಜೊತೆಗೆ ಕರೆದುಕೊಳ್ಳಿ, ಮಂಡಿಯೂರಿ ಹುಡುಕಿ. ಕಂಡದ್ದನ್ನೆಲ್ಲ ಬರೆಯಿಸಿ, ಇಲಿಯನ್ನೂ ಬಿಡದೆ. ಮುಂದಿನ ಸಲ ಯಾರಾದರೂ ಕಾಗದ ಹಿಡಿದು ತೆಗ್ಗು ತೋಡಲು ಬಂದಾಗ ಅವರೆದುರು ಇಡಲು ಊರಿನ ಕೈಯಲ್ಲೂ ಒಂದು ಕಾಗದ ಇರಬೇಕು.